ಬಾಳೆಗೊನೆಯ ಕೊಕ್ಕೆಯಿಂದ ಹಿಮದ ಗುಡ್ಡಕ್ಕೆ: ಚೇರ್‌ಲಿಫ್ಟ್ ನಡೆಯುವ ಬಗೆ

ಕೊಲ್ಲೂರು ಕಡೆಯಿಂದ ಕೊಡಚಾದ್ರಿಗೆ ರೋಪ್‌ವೇ ಮಾಡುವ ಮಾತು ಬಂದಾಗಲೆಲ್ಲ ಉಡುಪಿ, ಕುಂದಾಪುರದವರು ಎರಡು ಪ್ರಶ್ನೆ ಕೇಳುತ್ತಾರೆ. ಕಾಡಿನ ಗತಿ ಏನು? ಹಗ್ಗ ತುಂಡಾದರೆ ಏನು ಮಾಡುವುದು? ಮೊದಲನೆಯದು ಬಹಳ ದೊಡ್ಡ ಪ್ರಶ್ನೆ, ಅದನ್ನು ಬೇರೆಯಾಗಿಯೇ ಬರೆಯಬೇಕು. ಎರಡನೆಯದನ್ನು ತಿಳಿಯಲು ಹಿಮದ ಮೇಲೆ ಜಾರುವ ಸ್ಕೀ ಆಟದ ಗುಡ್ಡಗಳಲ್ಲಿ, ಓಡುವ ಹಗ್ಗಕ್ಕೆ ಕುರ್ಚಿ ನೇತುಹಾಕಿ ಜನರನ್ನು ಮೇಲೆ ಹತ್ತಿಸುವ ಚೇರ್‌ಲಿಫ್ಟನ್ನು ನೋಡುವುದು ಒಳ್ಳೆಯದು. ಈ ಜಾತಿಯ ಯಂತ್ರಗಳಲ್ಲಿ ಅದೇ ಸರಳ. ಎಲ್ಲ ಕಣ್ಣಿಗೇ ಕಾಣುತ್ತದೆ.

ಕಥೆ ಶುರುವಾಗುವುದು ಜರ್ಮನಿಯ ಹಾರ್ಜ್ ಬೆಟ್ಟಗಳ ಗಣಿಗಳಲ್ಲಿ. ಅಲ್ಲಿ ಅದಿರು ಮೇಲೆತ್ತಲು ಸರಪಳಿ ಬಳಸುತ್ತಿದ್ದರು. ಒಂದು ಕೊಂಡಿ ಮುರಿದರೆ ಅಷ್ಟೂ ಭಾರ ಕೆಳಗೆ. 1834ರಲ್ಲಿ ವಿಲ್ಹೆಲ್ಮ್ ಆಲ್ಬರ್ಟ್ ಎಂಬ ಗಣಿ ಅಧಿಕಾರಿ ಕಬ್ಬಿಣದ ತಂತಿಗಳನ್ನು ಹೊಸೆದು ಹಗ್ಗ ಮಾಡಿಸಿದರು. ಇದರಲ್ಲಿ ಒಂದು ತಂತಿ ತುಂಡಾದರೆ ಪಕ್ಕದ ತಂತಿಗಳು ಅದನ್ನು ಒತ್ತಿ ಹಿಡಿಯುತ್ತವೆ, ಸ್ವಲ್ಪ ದೂರ ಹೋದರೆ ಆ ತುಂಡಾದ ತಂತಿಯೇ ಮತ್ತೆ ಭಾರ ಹೊರುತ್ತದೆ. ಅಂದರೆ ಹಗ್ಗ ಸಾಯುವ ಮೊದಲು ಸೂಚನೆ ಕೊಡುತ್ತದೆ. ನನ್ನ ಪ್ರಕಾರ ಇಡೀ ಕಥೆಯಲ್ಲಿ ಇದಕ್ಕಿಂತ ದೊಡ್ಡ ಆವಿಷ್ಕಾರ ಇಲ್ಲ.

ನೂರು ವರ್ಷ ದಾಟಿ 1936ಕ್ಕೆ ಬನ್ನಿ. ಅಮೆರಿಕದ ಯೂನಿಯನ್ ಪೆಸಿಫಿಕ್ ರೈಲ್ವೆ ಕಂಪನಿ ಐಡಹೋ ರಾಜ್ಯದ ಸನ್ ವ್ಯಾಲಿಯಲ್ಲಿ ಸ್ಕೀ ರೆಸಾರ್ಟ್ ಕಟ್ಟುತ್ತಿತ್ತು. ರೈಲಿಗೆ ಜನ ಬೇಕಿತ್ತು, ಬಂದ ಜನರನ್ನು ಗುಡ್ಡ ಹತ್ತಿಸಬೇಕಿತ್ತು. ಅಲ್ಲಿನ ಎಂಜಿನಿಯರ್ ಜೇಮ್ಸ್ ಕರನ್‌ಗೆ, ಸುತ್ತುತ್ತಲೇ ಇರುವ ಹಗ್ಗಕ್ಕೆ ಕೊಕ್ಕೆ ಕಟ್ಟಿ ಬಾಳೆಗೊನೆಗಳನ್ನು ಹಡಗಿಗೆ ಸಾಗಿಸುವ ವ್ಯವಸ್ಥೆಯ ಪರಿಚಯವಿತ್ತು. ಕೊಕ್ಕೆಯ ಜಾಗದಲ್ಲಿ ಕುರ್ಚಿ ಇಟ್ಟರು, ಅಷ್ಟೇ. ಅಪಾಯ ಎಂದು ಅನುಮಾನಪಟ್ಟವರೂ ಇದ್ದರು. ಹಾಗಾಗಿ ಒಮಾಹಾದಲ್ಲಿ ಟ್ರಕ್ಕಿನ ಪಕ್ಕಕ್ಕೆ ಕುರ್ಚಿ ಕಟ್ಟಿ, ನಿಂತವರನ್ನು ಬೀಳಿಸದೆ ಕೂರಿಸಿಕೊಳ್ಳಲು ಎಷ್ಟು ವೇಗ ಸರಿ ಎಂದು ಪರೀಕ್ಷೆ ಮಾಡಿದರು.

ಈಗ ಒಳಗಿನ ಲೆಕ್ಕ. ಕೆಳಗೊಂದು, ಮೇಲೊಂದು ದೊಡ್ಡ ಚಕ್ರ, ನಡುವೆ ತುದಿಯಿಲ್ಲದ ಹಗ್ಗದ ಬಳೆ. ಹತ್ತುವ ಕುರ್ಚಿಗಳ ತೂಕವನ್ನು ಇಳಿಯುವ ಕುರ್ಚಿಗಳ ತೂಕ ಸರಿದೂಗಿಸುತ್ತದೆ. ಮೋಟಾರು ಎತ್ತಬೇಕಾದದ್ದು ಜನರ ಭಾರವನ್ನು ಮಾತ್ರ, ಜೊತೆಗೆ ಒಂದಿಷ್ಟು ಘರ್ಷಣೆ. ನಾಲ್ಕು ಜನ ಕೂರುವ ಕುರ್ಚಿ 6 ಸೆಕೆಂಡಿಗೊಂದು ಹೊರಟರೆ ಗಂಟೆಗೆ 2,400 ಜನ. ತಲಾ 75 ಕೆಜಿ, 300 ಮೀಟರ್ ಎತ್ತರ ಎಂದುಕೊಂಡರೆ ಸುಮಾರು 147 ಕಿಲೋವ್ಯಾಟ್ ಬೇಕು, ಅಂದರೆ 200 ಎಚ್‌ಪಿ. ಅಷ್ಟು ಜನರಿಗೆ ಇದು ಜಾಸ್ತಿ ಅಲ್ಲ, ಅಲ್ವಾ?

ಆದರೆ ಚಕ್ರಕ್ಕೆ ಹಲ್ಲಿಲ್ಲ. ಹಗ್ಗ ಅದರ ಅರ್ಧ ಭಾಗವನ್ನು ಮಾತ್ರ ಸುತ್ತಿರುತ್ತದೆ. ಜಾರುವುದಿಲ್ಲ ಯಾಕೆ? ಮಲ್ಪೆ ದಕ್ಕೆಯಲ್ಲಿ ಬೋಟು ಕಟ್ಟುವವರು ಗೂಟಕ್ಕೆ ಹಗ್ಗವನ್ನು ಎರಡು ಮೂರು ಸುತ್ತು ಹಾಕಿ ತುದಿಯನ್ನು ಕೈಯಲ್ಲೇ ಹಿಡಿದಿರುತ್ತಾರೆ, ಅಷ್ಟು ದೊಡ್ಡ ಬೋಟು ನಿಲ್ಲುತ್ತದೆ. ಪ್ರತಿ ಸುತ್ತಿಗೂ ಹಿಡಿತ ಗುಣಿಸುತ್ತಾ ಹೋಗುತ್ತದೆ, 18ನೇ ಶತಮಾನದಲ್ಲೇ ಗಣಿತಜ್ಞ ಆಯ್ಲರ್ ಇದರ ಲೆಕ್ಕ ಹಾಕಿದ್ದರು. ಚಕ್ರದ ಅಂಚಿಗೆ ರಬ್ಬರ್ ಹಾಕಿರುತ್ತಾರೆ. ಘರ್ಷಣೆಯ ಗುಣಾಂಕ (ಹಗ್ಗ, ರಬ್ಬರಿನ ನಡುವಿನ ಹಿಡಿತದ ಅಳತೆ) 0.25 ಇದ್ದರೆ, ಬಿಗಿ ಕಡೆಯ ಎಳೆತ ಸಡಿಲ ಕಡೆಯದರ ಸುಮಾರು 2.2 ಪಟ್ಟು ಆಗುವವರೆಗೂ ಹಗ್ಗ ಜಾರದು. ಆದರೆ ಸಡಿಲ ಕಡೆಯಲ್ಲೂ ಒಂದಿಷ್ಟು ಎಳೆತ ಇರಲೇಬೇಕು, ದಕ್ಕೆಯಲ್ಲಿ ತುದಿ ಹಿಡಿದ ಕೈಯ ಹಾಗೆ. ಇಲ್ಲದಿದ್ದರೆ ಎಷ್ಟು ದೊಡ್ಡ ಮೋಟಾರಿದ್ದರೂ ಚಕ್ರ ಸುಮ್ನೆ ತಿರುಗುತ್ತದೆ. ಅದಕ್ಕೇ ಒಂದು ತುದಿಯ ಚಕ್ರವನ್ನು ಕಾಂಕ್ರೀಟಿನ ಭಾರ ನೇತುಹಾಕಿ ಹಿಂದಕ್ಕೆ ಎಳೆದಿರುತ್ತಾರೆ, ಈಗೀಗ ಎಣ್ಣೆಯ ಒತ್ತಡದಲ್ಲಿ ನಡೆಯುವ ಹೈಡ್ರಾಲಿಕ್‌ನಿಂದ. ಒಂದು ಕಿಲೋಮೀಟರ್ ಉಕ್ಕಿನ ಹಗ್ಗ 30 ಡಿಗ್ರಿ ಬಿಸಿಯಾದರೆ ಸುಮಾರು 36 ಸೆಂ.ಮೀ. ಉದ್ದವಾಗುತ್ತದೆ. ಆ ಸಡಿಲವನ್ನೂ ಇದೇ ಭಾರ ಎಳೆದುಕೊಳ್ಳಬೇಕು.

1981ರಲ್ಲಿ ಕೊಲೊರಾಡೋದ ಬ್ರೆಕೆನ್‌ರಿಜ್‌ನಲ್ಲಿ ನಾಲ್ಕು ಜನರ ವೇಗದ ಲಿಫ್ಟ್ ಬಂತು. ನಿಲ್ದಾಣದಲ್ಲಿ ಕುರ್ಚಿ ಹಗ್ಗವನ್ನು ಬಿಟ್ಟು ನಿಧಾನವಾಗುತ್ತದೆ, ಹೊರಡುವಾಗ ಸ್ಪ್ರಿಂಗಿನ ಹಿಡಿ ಮತ್ತೆ ಕಚ್ಚಿಕೊಳ್ಳುತ್ತದೆ. ಇಂಥ ಲಿಫ್ಟಿನ ಹಗ್ಗ ಸೆಕೆಂಡಿಗೆ 5 ಮೀಟರ್ ಓಡಬಲ್ಲದು, ಹಳೆಯದರಲ್ಲಿ ಸುಮಾರು 2.5. ವೇಗ ಇಮ್ಮಡಿಯಾದರೆ ಇಮ್ಮಡಿ ಜನ ಹೋಗಬಹುದು ಎನಿಸುತ್ತದೆ. ಇಲ್ಲ. ಕುರ್ಚಿ 6 ಸೆಕೆಂಡಿಗೊಂದೇ ಹೊರಡುವುದಾದರೆ ಗಂಟೆಗೆ ಅದೇ 2,400 ಜನ. ಪ್ರಯಾಣದ ಸಮಯ ಮಾತ್ರ ಅರ್ಧವಾಗುತ್ತದೆ.

ನಿಜವಾದ ಭಯ ಇರುವುದು ಬ್ರೇಕಿನಲ್ಲಿ. ಹತ್ತುವ ಕಡೆ ಜನ ತುಂಬಿ, ಇಳಿಯುವ ಕಡೆ ಖಾಲಿ ಇದ್ದಾಗ ಮೋಟಾರು ನಿಂತು ಬ್ರೇಕೂ ಹಿಡಿಯದಿದ್ದರೆ ಇಡೀ ಬಳೆ ಹಿಂದಕ್ಕೆ ಓಡುತ್ತದೆ. 2018ರ ಮಾರ್ಚ್‌ನಲ್ಲಿ ಜಾರ್ಜಿಯಾ ದೇಶದ ಗುದೌರಿಯಲ್ಲಿ ಹೀಗೇ ಲಿಫ್ಟ್ ಹಿಮ್ಮುಖವಾಗಿ ಓಡಿತು, ಜನ ಕುರ್ಚಿಯಿಂದ ಹಾರಿದರು. ಹಗ್ಗ ತುಂಡಾಗಿರಲಿಲ್ಲ.

ಹಾಗಾಗಿ ಕೊಡಚಾದ್ರಿಯ ಚರ್ಚೆಯಲ್ಲಿ ಹಗ್ಗ ಎಷ್ಟು ದಪ್ಪ ಎಂದು ಕೇಳಿ ಸುಮ್ಮನಾಗಬಾರದು. ಒಂದಕ್ಕೊಂದು ಸಂಬಂಧವಿಲ್ಲದ ಬ್ರೇಕುಗಳು ಎಷ್ಟು ಉಂಟು? ಒಳಗಿನ ತಂತಿ ತುಂಡಾಗಿದೆಯೇ ಎಂದು ಆಯಸ್ಕಾಂತದ ಉಪಕರಣದಿಂದ ನೋಡುವ ಪರೀಕ್ಷೆ ಎಷ್ಟು ಸಲ, ಅದರ ವರದಿ ಜನರಿಗೆ ಸಿಗುತ್ತದೆಯೇ? 2022ರ ಏಪ್ರಿಲ್‌ನಲ್ಲಿ ಜಾರ್ಖಂಡ್‌ನ ತ್ರಿಕೂಟ ಬೆಟ್ಟದ ರೋಪ್‌ವೇಯಲ್ಲಿ ಸಿಕ್ಕಿಬಿದ್ದವರನ್ನು ಹೆಲಿಕಾಪ್ಟರ್ ತಂದು ಇಳಿಸಿ ಮುಗಿಸಲು 40 ಗಂಟೆಗೂ ಹೆಚ್ಚು ಬೇಕಾಯಿತು. ಅದು ಬೇಸಿಗೆ. ಇಲ್ಲಿ ಆಟಿ ತಿಂಗಳ ಮಳೆ, ಮಂಜಿನಲ್ಲಿ ಹೆಲಿಕಾಪ್ಟರ್ ಹಾರದಿದ್ದರೆ ಜನರನ್ನು ಹೇಗೆ ಇಳಿಸುತ್ತೀರಿ ಎಂದೂ ಕೇಳಬೇಕು.