ವಿರೋಧ ಪಕ್ಷದ ನಾಯಕರು ಕೇಳಿದರೆ ಅಧಿವೇಶನ ಕರೆಯಲೇಬೇಕಾ?

ಓದುಗರ ಪ್ರಶ್ನೆ: ಮೇಡಂ, ಸಂಸತ್ತಿನ ವಿಶೇಷ ಅಧಿವೇಶನ ಕರೆಯಿರಿ ಅಂತ ವಿರೋಧ ಪಕ್ಷದ ನಾಯಕರು ಪ್ರಧಾನಿಗೆ ಪತ್ರ ಬರೆದರು. ಸರ್ಕಾರ ಕರೆಯಲಿಲ್ಲ. ಇದು ಸಂವಿಧಾನಕ್ಕೆ ವಿರುದ್ಧ ಅಲ್ವಾ? ವರ್ಷಕ್ಕೆ ಮೂರು ಅಧಿವೇಶನ ಕಡ್ಡಾಯ ಅಲ್ವಾ?

ಉತ್ತರ: ವಿರುದ್ಧ ಅಲ್ಲ. ಕಡ್ಡಾಯವೂ ಅಲ್ಲ.

ಇಷ್ಟು ಹೇಳಿ ಮುಗಿಸಬಹುದಿತ್ತು. ಹಿಂದೆ ಎಷ್ಟೋ ಸಲ ಹಾಗೆ ಮುಗಿಸಿಯೂ ಇದ್ದೇನೆ. ಆದರೆ ಪ್ರತಿ ಸಲ ದೆಹಲಿಯಿಂದ ಇಂಥ ಸುದ್ದಿ ಬಂದಾಗ ಅದೇ ಪ್ರಶ್ನೆ ಮತ್ತೆ ಬರುತ್ತದೆ. ಅದರ ಎರಡನೇ ಭಾಗ, ಅಂದರೆ "ವರ್ಷಕ್ಕೆ ಮೂರು ಅಧಿವೇಶನ ಕಡ್ಡಾಯ" ಅನ್ನುವ ಮಾತು, ಎಷ್ಟು ಹೇಳಿದರೂ ಜನರ ತಲೆಯಿಂದ ಹೋಗುವುದಿಲ್ಲ. ನನ್ನ ಪಿಯು ಮಕ್ಕಳು ಇದನ್ನೇ ಬರೆದು ಅಂಕ ಕಳೆದುಕೊಂಡಿದ್ದಾರೆ. ಹಾಗಾಗಿ ಈ ಸಲ ಸ್ವಲ್ಪ ಉದ್ದವಾಗಿಯೇ ಹೇಳುತ್ತೇನೆ.

ಸಂವಿಧಾನದ 85ನೇ ವಿಧಿ ತೆಗೆದು ನೋಡಿ. ಅದರಲ್ಲಿ ಬಜೆಟ್ ಅಧಿವೇಶನ, ಮುಂಗಾರು ಅಧಿವೇಶನ, ಚಳಿಗಾಲದ ಅಧಿವೇಶನ ಅನ್ನುವ ಹೆಸರೇ ಇಲ್ಲ. ಮೂರು ಅನ್ನುವ ಸಂಖ್ಯೆಯೂ ಇಲ್ಲ. ಅಲ್ಲಿರುವ ಷರತ್ತು ಒಂದೇ. ಒಂದು ಅಧಿವೇಶನದ ಕೊನೆಯ ದಿನಕ್ಕೂ ಮುಂದಿನ ಅಧಿವೇಶನದ ಮೊದಲ ದಿನಕ್ಕೂ ನಡುವೆ ಆರು ತಿಂಗಳ ಅಂತರ ಆಗಬಾರದು. 1950ರಲ್ಲಿ ಈ ವಿಧಿ ಬೇರೆ ಥರ ಇತ್ತು. ವರ್ಷಕ್ಕೆ ಕನಿಷ್ಠ ಎರಡು ಸಲ ಸಂಸತ್ತು ಸೇರಬೇಕು ಅಂತ ಅದರಲ್ಲಿ ಬರೆದಿತ್ತು. 1951ರ ಮೊದಲನೇ ತಿದ್ದುಪಡಿಯಲ್ಲಿ ಆ ಸಾಲೂ ಹೋಯಿತು. ಉಳಿದದ್ದು ಆರು ತಿಂಗಳ ಲೆಕ್ಕ ಮಾತ್ರ. ಅಂದರೆ ಮೂರು ಅನ್ನುವುದು ಯಾವತ್ತೂ ಸಂವಿಧಾನದಲ್ಲಿ ಇರಲಿಲ್ಲ. ಎರಡು ಇತ್ತು, ಈಗ ಅದೂ ಇಲ್ಲ.

ನಂಬಿಕೆ ಬರಲಿಲ್ಲ ಅಂದರೆ 2020ರ ಕ್ಯಾಲೆಂಡರ್ ಮುಂದಿಟ್ಟುಕೊಳ್ಳಿ. ತರಗತಿಯಲ್ಲಿ ನಾನು ಇದನ್ನು ಹಲಗೆ ಮೇಲೆ ಬರೆದೇ ತೋರಿಸುತ್ತೇನೆ.

ಆ ವರ್ಷ ಕೊರೊನಾ ಕಾರಣಕ್ಕೆ ಬಜೆಟ್ ಅಧಿವೇಶನ ಬೇಗ ಮುಗಿಯಿತು. ಕೊನೆಯ ದಿನ ಮಾರ್ಚ್ 23. ಆರು ತಿಂಗಳು ಎಣಿಸಿದರೆ ಸೆಪ್ಟೆಂಬರ್ 23. ಮುಂಗಾರು ಅಧಿವೇಶನ ಶುರುವಾದದ್ದು ಸೆಪ್ಟೆಂಬರ್ 14ಕ್ಕೆ, ಅಂದರೆ ಗಡುವಿಗೆ ಒಂಬತ್ತು ದಿನ ಮೊದಲು. ಸೋಂಕು ಜೋರಾಗಿದ್ದ ದಿನಗಳಲ್ಲೇ ಸಂಸದರು ದೆಹಲಿಗೆ ಬರಬೇಕಾಯಿತು, ಯಾಕೆಂದರೆ 85ನೇ ವಿಧಿ ದಾಟುವಂತಿರಲಿಲ್ಲ. ಆ ಅಧಿವೇಶನದಲ್ಲಿ ಪ್ರಶ್ನೋತ್ತರ ಅವಧಿಯೇ ಇರಲಿಲ್ಲ. ಕೃಷಿ ಮಸೂದೆಗಳು ಪಾಸಾದದ್ದೂ ಆಗಲೇ. ಸೆಪ್ಟೆಂಬರ್ 20ರಂದು ರಾಜ್ಯಸಭೆಯಲ್ಲಿ ವಿರೋಧ ಪಕ್ಷದವರು ಮತ ಎಣಿಸಿ ಅಂತ ಕೇಳಿದರು. ಆದರೂ ಧ್ವನಿಮತದಲ್ಲೇ, ಅಂದರೆ ಎಣಿಸದೆ ಹೌದು-ಇಲ್ಲ ಅಂತ ಕೂಗಿದ್ದರ ಮೇಲೆಯೇ, ಮುಗಿಯಿತು. ಮರುದಿನ ಎಂಟು ಸಂಸದರ ಅಮಾನತು. ಸೆಪ್ಟೆಂಬರ್ 23ಕ್ಕೆ ಅಧಿವೇಶನವೂ ಮುಗಿಯಿತು.

ನವೆಂಬರ್ ಕೊನೆಗೆ ರೈತರು ದೆಹಲಿಯ ಗಡಿಯಲ್ಲಿ ಬಂದು ಕುಳಿತರು. ಲೋಕಸಭೆಯಲ್ಲಿ ಕಾಂಗ್ರೆಸ್ ನಾಯಕರಾಗಿದ್ದ ಅಧೀರ್ ರಂಜನ್ ಚೌಧರಿ ಅಧಿವೇಶನ ಕರೆಯಿರಿ ಅಂತ ಕೇಳಿದರು. ಆಗ ಸಂಸದೀಯ ವ್ಯವಹಾರಗಳ ಸಚಿವರು ನಮ್ಮ ಧಾರವಾಡದ ಸಂಸದ ಪ್ರಲ್ಹಾದ ಜೋಶಿ. ಕೊರೊನಾ ಇರುವುದರಿಂದ ಚಳಿಗಾಲದ ಅಧಿವೇಶನ ಇಲ್ಲ, ಜನವರಿಯಲ್ಲಿ ಬಜೆಟ್ ಅಧಿವೇಶನವನ್ನೇ ಕರೆಯುತ್ತೇವೆ ಅಂತ ಅವರು ಉತ್ತರ ಬರೆದರು. 2021ರ ಜನವರಿ 29ಕ್ಕೆ ಸಂಸತ್ತು ಸೇರಿತು.

ಈಗ ಎಣಿಸಿ. ಸೆಪ್ಟೆಂಬರ್ 23ರಿಂದ ಜನವರಿ 29. ನಾಲ್ಕು ತಿಂಗಳು ಚಿಲ್ಲರೆ. ಆರು ತಿಂಗಳು ದಾಟಲಿಲ್ಲ. ಒಂದು ಇಡೀ ಅಧಿವೇಶನ ಕೈಬಿಟ್ಟರೂ ಸಂವಿಧಾನದ ಒಂದು ಅಕ್ಷರ ಮುರಿಯಲಿಲ್ಲ. 1979ರಲ್ಲೂ 1984ರಲ್ಲೂ ಚುನಾವಣೆ ಬಂದದ್ದರಿಂದ ಚಳಿಗಾಲದ ಅಧಿವೇಶನ ನಡೆದಿರಲಿಲ್ಲ. ಮೂರು ಕಡ್ಡಾಯ ಆಗಿದ್ದರೆ ಇದೆಲ್ಲ ಹೇಗೆ ಸಾಧ್ಯ, ಹೇಳಿ.

ಹಾಗಾದರೆ ಮೂರು ಎಲ್ಲಿಂದ ಬಂತು? ರೂಢಿಯಿಂದ. 1955ರಲ್ಲಿ ಲೋಕಸಭೆಯ ಒಂದು ಸಮಿತಿ ಮೂರು ಅಧಿವೇಶನಕ್ಕೂ ತಾರೀಖು ಹಾಕಿ ಶಿಫಾರಸು ಕೊಟ್ಟಿತ್ತು. ಅದು ಕಾನೂನು ಆಗಲಿಲ್ಲ. ನಡೆದು ಬಂದ ಪದ್ಧತಿಯನ್ನೇ ನಾವು ಕಾನೂನು ಅಂದುಕೊಂಡಿದ್ದೇವೆ. ಕೆಲವು ಗೈಡ್ ಪುಸ್ತಕಗಳೂ ಹಾಗೇ ಅಚ್ಚು ಹಾಕುತ್ತವೆ, ಅದು ನನಗೆ ಜಾಸ್ತಿ ಬೇಸರದ ವಿಷಯ.

ತಾರೀಖು ನಿಜವಾಗಿ ನಿಗದಿಯಾಗುವುದು ಸಂಪುಟದ ಸಂಸದೀಯ ವ್ಯವಹಾರಗಳ ಸಮಿತಿಯಲ್ಲಿ. ಅಲ್ಲಿ ಕೂರುವವರು ಮಂತ್ರಿಗಳು. ಅವರು ತೀರ್ಮಾನಿಸಿದ ದಿನಕ್ಕೆ ರಾಷ್ಟ್ರಪತಿಗಳು ಅಧಿವೇಶನ ಕರೆಯುತ್ತಾರೆ. ಈ ದಾರಿಯಲ್ಲಿ ವಿರೋಧ ಪಕ್ಷದ ನಾಯಕರಿಗೆ ಎಲ್ಲೂ ಜಾಗ ಇಲ್ಲ. ಅವರು ಪತ್ರ ಬರೆಯಬಹುದು, ಅಷ್ಟೇ. 2025ರ ಮೇ ತಿಂಗಳಲ್ಲಿ ರಾಹುಲ್ ಗಾಂಧಿ ಮತ್ತು ಮಲ್ಲಿಕಾರ್ಜುನ ಖರ್ಗೆ ಇಬ್ಬರೂ ಬರೆದರು. ಒಬ್ಬರು ಲೋಕಸಭೆಯ, ಇನ್ನೊಬ್ಬರು ರಾಜ್ಯಸಭೆಯ ವಿರೋಧ ಪಕ್ಷದ ನಾಯಕರು. ಪಹಲ್ಗಾಮ್ ದಾಳಿ, ಆಪರೇಷನ್ ಸಿಂಧೂರ್ ಬಗ್ಗೆ ಚರ್ಚೆಗೆ ವಿಶೇಷ ಅಧಿವೇಶನ ಕರೆಯಿರಿ ಅಂತ ಕೇಳಿದರು. ಸರ್ಕಾರ ವಿಶೇಷ ಅಧಿವೇಶನ ಕರೆಯಲಿಲ್ಲ. ಜುಲೈ 21ಕ್ಕೆ ಶುರುವಾದ ಮುಂಗಾರು ಅಧಿವೇಶನದಲ್ಲೇ, ಆ ತಿಂಗಳ ಕೊನೆಗೆ, ಚರ್ಚೆ ಆಯಿತು.

ಇದು ಸಂವಿಧಾನ ಬರೆದವರಿಗೆ ಹೊಳೆಯದ ವಿಷಯ ಅಲ್ಲ. 1949ರಲ್ಲಿ ಸಂವಿಧಾನ ಸಭೆಯಲ್ಲಿ ಸದಸ್ಯ ಕೆ.ಟಿ. ಶಾ ಇದನ್ನೇ ಎತ್ತಿದ್ದರು. ರಾಷ್ಟ್ರಪತಿ ಕರೆಯದಿದ್ದರೆ ಸದನದ ಅಧ್ಯಕ್ಷರೇ ಕರೆಯುವಂತಾಗಲಿ ಅಂದರು. ಅಂಬೇಡ್ಕರ್ ಒಪ್ಪಲಿಲ್ಲ. ಇನ್ನು ಮುಂದೆ ಸರ್ಕಾರ ಜನರಿಗೆ ಉತ್ತರ ಕೊಡಬೇಕಾದ ಸರ್ಕಾರ, ಹಾಗಾಗಿ ಸಂಸತ್ತು ಪದೇ ಪದೇ, ದಿನಗಟ್ಟಲೆ ಸೇರುತ್ತದೆ, ಸದಸ್ಯರಿಗೇ ಸಾಕಾಗಿ ಹೋಗಬಹುದು ಅನ್ನುವುದು ಅವರ ಅಂದಾಜು. ಮೊದಲ ಲೋಕಸಭೆಯಲ್ಲಿ ಅದು ನಿಜವೂ ಆಯಿತು. ಅದು 677 ದಿನ ಸೇರಿತ್ತು. 2019ರಿಂದ 2024ರವರೆಗಿನ 17ನೇ ಲೋಕಸಭೆ ಸೇರಿದ್ದು 274 ದಿನ. ಈ ಎರಡು ಸಂಖ್ಯೆ ಓದುವಾಗ ನನಗೆ ಪ್ರತಿ ಸಲ ಸಂಕಟ ಆಗುತ್ತದೆ.

ಒಂದೇ ಒಂದು ಕಡೆ ಸದಸ್ಯರ ಸಹಿಗೆ ನಿಜವಾದ ಬಲ ಇದೆ. ತುರ್ತು ಪರಿಸ್ಥಿತಿ ಜಾರಿಯಲ್ಲಿದ್ದಾಗ ಲೋಕಸಭೆಯ ಹತ್ತನೇ ಒಂದು ಭಾಗ ಸದಸ್ಯರು ಬರೆದು ಕೊಟ್ಟರೆ, ಅದನ್ನು ತೆಗೆದುಹಾಕುವ ನಿರ್ಣಯಕ್ಕೆ 14 ದಿನದೊಳಗೆ ವಿಶೇಷ ಬೈಠಕ್ ಕರೆಯಲೇಬೇಕು. 352ನೇ ವಿಧಿಯ 8ನೇ ಉಪವಿಧಿ. 1975ರ ತುರ್ತು ಪರಿಸ್ಥಿತಿಯ ನೋವು ಕಂಡ ಮೇಲೆ 44ನೇ ತಿದ್ದುಪಡಿಯಲ್ಲಿ ಸೇರಿಸಿದ್ದು. ಬೇರೆ ಯಾವ ವಿಷಯಕ್ಕೂ ಇಂಥ ಹಕ್ಕು ಇಲ್ಲ.

ಮಸೂದೆಗಳ ಕಥೆಯೂ ಇದೇ. ಯಾವ ಸರ್ಕಾರಿ ಮಸೂದೆ ಯಾವಾಗ ತರಬೇಕು ಅನ್ನುವುದು ಸರ್ಕಾರದ ಆಯ್ಕೆ. ಕಲಾಪ ಸಲಹಾ ಸಮಿತಿಯಲ್ಲಿ ವಿರೋಧ ಪಕ್ಷದವರೂ ಇರುತ್ತಾರೆ. ಅಲ್ಲಿ ಯಾವುದಕ್ಕೆ ಎಷ್ಟು ಗಂಟೆ ಅಂತ ಮಾತಾಗುತ್ತದೆಯೇ ಹೊರತು, ಆ ಮಸೂದೆಯನ್ನು ತಡೆಯಲು ಆಗುವುದಿಲ್ಲ. 2023ರ ಸೆಪ್ಟೆಂಬರಿನ ವಿಶೇಷ ಅಧಿವೇಶನ ನೆನಪಿದೆಯಲ್ವಾ? ತಾರೀಖು ಹೇಳಿದರು, ಕಾರ್ಯಸೂಚಿ ಹೇಳಲಿಲ್ಲ. ಸೋನಿಯಾ ಗಾಂಧಿ ಪ್ರಧಾನಿಗೆ ಪತ್ರ ಬರೆದು ಅದನ್ನೇ ಕೇಳಿದರು. ಆಮೇಲೆ ಒಂದು ಪಟ್ಟಿ ಬಂತು. ಅದರಲ್ಲಿ ಮಹಿಳಾ ಮೀಸಲಾತಿ ಮಸೂದೆ ಇರಲಿಲ್ಲ. ಸೆಪ್ಟೆಂಬರ್ 19ಕ್ಕೆ ಅದನ್ನು ಮಂಡಿಸಿದರು, 20ಕ್ಕೆ ಲೋಕಸಭೆಯಲ್ಲಿ 454 ಮತ ಪರ, 2 ವಿರುದ್ಧ. ನಾನು ಆ ಮಸೂದೆಯನ್ನು ಮನಸಾರೆ ಬಯಸಿದವಳು. ಆದರೂ ಹೀಗೆ ಹಿಂದಿನ ದಿನ ತಂದು ಮರುದಿನ ಪಾಸು ಮಾಡುವುದು ನನಗೆ ಸರಿ ಕಾಣಲಿಲ್ಲ. 2025ರ ಆನ್‌ಲೈನ್ ಗೇಮಿಂಗ್ ಮಸೂದೆಯದು ಇನ್ನೂ ಅವಸರ. ಆಗಸ್ಟ್ 20ರಂದು ಲೋಕಸಭೆಯಲ್ಲಿ ಮಂಡನೆ, ಅದೇ ದಿನ ಪಾಸು. ಮರುದಿನ ರಾಜ್ಯಸಭೆಯಲ್ಲೂ ಪಾಸು. ಸದಸ್ಯರು ಅದನ್ನು ಕುಳಿತು ಓದಿದ್ದು ಯಾವಾಗ?

ವಿರೋಧ ಪಕ್ಷದ ನಾಯಕರು ಎದ್ದು ನಿಂತು ತಾರೀಖಿನ ಬಗ್ಗೆ, ಗಂಟೆಗಳ ಬಗ್ಗೆ ಜಗಳ ಆಡಿದರೆ "ಸುಮ್ನೆ ಗಲಾಟೆ" ಅನ್ನುತ್ತೇವೆ. ಆದರೆ ಅವರ ಕೈಯಲ್ಲಿ ಇಲ್ಲದಿರುವುದೇ ಅದು. ಮತ ಎಣಿಸಿದರೆ ಸೋಲುವುದು ಅವರಿಗೆ ಮೊದಲೇ ಗೊತ್ತು. ಮಾತಾಡಲು ಸಮಯ ಸಿಕ್ಕರೆ ಮಾತ್ರ ಅವರ ಕೆಲಸ ನಡೆಯುತ್ತದೆ.

ಯಾರೂ ಕೇಳದಿದ್ದರೂ ನಮ್ಮ ವಿಧಾನಸೌಧದ ಮಾತು ಹೇಳಿಬಿಡುತ್ತೇನೆ. ದಿನಗಳ ವಿಷಯದಲ್ಲಿ ಕರ್ನಾಟಕ ದೆಹಲಿಗಿಂತ ಮುಂದೆ ಹೋಗಿತ್ತು. 2005ರಲ್ಲಿ ನಾವು ಇದಕ್ಕೇ ಒಂದು ಕಾನೂನು ಮಾಡಿದೆವು. ರಾಜ್ಯ ವಿಧಾನಮಂಡಲ ವರ್ಷಕ್ಕೆ ಕನಿಷ್ಠ 60 ದಿನ ಸೇರಬೇಕು ಅನ್ನುವುದು ಅದರಲ್ಲಿದೆ. ಸಂಸತ್ತಿಗೆ ಇಂಥ ಕಾನೂನು ಇಲ್ಲ. ಲೋಕಸಭೆಗೆ ವರ್ಷಕ್ಕೆ 120 ದಿನ, ರಾಜ್ಯಸಭೆಗೆ 100 ದಿನ ಕಡ್ಡಾಯ ಮಾಡಿ ಅಂತ ಸಂವಿಧಾನ ಪರಾಮರ್ಶೆ ಆಯೋಗ 2002ರಲ್ಲಿ ಹೇಳಿತ್ತು, ಯಾರೂ ಕೈಗೆತ್ತಿಕೊಳ್ಳಲಿಲ್ಲ. ಆ ಮಟ್ಟಿಗೆ ನಮ್ಮ ಕಾನೂನಿನ ಬಗ್ಗೆ ನನಗೆ ಹೆಮ್ಮೆ ಇದೆ. ಆದರೆ ಕಾನೂನು ಇದ್ದೂ ಬಹುತೇಕ ವರ್ಷ 60 ಮುಟ್ಟಿಲ್ಲ. ಯಾವ ಪಕ್ಷದ ಸರ್ಕಾರ ಇದ್ದರೂ ಅಷ್ಟೇ.

ನಮ್ಮ ತರಗತಿಯ ಗೋಡೆಯಲ್ಲಿ ಒಂದು ಕ್ಯಾಲೆಂಡರ್ ಇದೆ. ಬೆಂಗಳೂರಿನಲ್ಲೋ ಬೆಳಗಾವಿಯಲ್ಲೋ ಸದನ ಸೇರಿದ ದಿನಕ್ಕೆ ಮಕ್ಕಳು ಕೆಂಪು ಪೆನ್ನಿನಲ್ಲಿ ಸುತ್ತು ಹಾಕುತ್ತಾರೆ. ಡಿಸೆಂಬರ್ ಕೊನೆಗೆ ಎಣಿಸಿ, ಪಕ್ಕದಲ್ಲಿ 60 ಅಂತ ಬರೆಯುತ್ತಾರೆ.