ಹೆಸರು ಹೇಳಿ ಕೂತರೆ ಪರಿಚಯವಾಯಿತೇ?

ಶಿಕ್ಷಕರ ತರಬೇತಿಯ ಮೊದಲ ದಿನ 30 ಮಂದಿ ಪ್ರಶಿಕ್ಷಣಾರ್ಥಿಗಳು ಒಬ್ಬೊಬ್ಬರಾಗಿ ಎದ್ದು ಹೆಸರು, ವಿಷಯ, ಓದು ಹೇಳಿ ಕೂರುವುದಕ್ಕೆ ತಲೆಗೆ ಒಂದು ನಿಮಿಷವೆಂದರೂ ಅರ್ಧ ಗಂಟೆ ಬೇಕು. ಅದರಲ್ಲಿ ಪ್ರತಿಯೊಬ್ಬರೂ ಮಾತಾಡುವುದು ಒಂದೇ ನಿಮಿಷ. ಉಳಿದ 29 ನಿಮಿಷ ಕೇಳಬೇಕು, ಆದರೆ ಯಾರೂ ಕೇಳುವುದಿಲ್ಲ. ಸರದಿ ಹತ್ತಿರ ಬಂದಂತೆಲ್ಲ ಮನಸ್ಸು ತನ್ನ ಮಾತನ್ನೇ ಜೋಡಿಸಿಕೊಳ್ಳುತ್ತಿರುತ್ತದೆ. ತಮಗಿಂತ ತುಸು ಮುಂಚೆ ಮಾತಾಡಿದವರು ಹೇಳಿದ್ದು ಜನರ ನೆನಪಿನಲ್ಲಿ ಅತಿ ಕಡಿಮೆ ಉಳಿಯುತ್ತದೆ ಎಂದು ಮನೋವಿಜ್ಞಾನಿ ಮಾಲ್ಕಮ್ ಬ್ರೆನ್ನರ್ 1973ರಲ್ಲೇ ಪ್ರಯೋಗದಿಂದ ತೋರಿಸಿದ್ದರು. ಪಕ್ಕದಲ್ಲೇ ಕೂತವರ ಹೆಸರು ಗೊತ್ತಾಗದೆ ಹೋಗುವುದು ಹೀಗೆ.

ಬೇರೆ ಗುಂಪಿನಲ್ಲಾದರೆ ಅರ್ಧ ಗಂಟೆ ಹೋಯಿತು ಎಂದುಕೊಂಡು ಸುಮ್ಮನಿರಬಹುದು. ಮುಂದೆ ಮೇಷ್ಟ್ರಾಗುವವರ ಗುಂಪಿನಲ್ಲಿ ನಷ್ಟ ಅಲ್ಲಿಗೇ ನಿಲ್ಲುವುದಿಲ್ಲ. ಅವರು ನಾಳೆ ತಮ್ಮ ತರಗತಿಯಲ್ಲಿ ಮಾಡುವುದು ತರಬೇತುದಾರರು ಹೇಳಿದ್ದನ್ನಲ್ಲ, ಮಾಡಿದ್ದನ್ನು. ಹಾಗಾಗಿ ಮೊದಲ ದಿನದ ಪರಿಚಯವೂ ಒಂದು ಮಾದರಿ ಪಾಠವೇ.

ಒಂದೇ ಚಟುವಟಿಕೆಗೆ ಸಮಯವಿದೆ ಎಂದಾದರೆ ಆರಿಸಿಕೊಳ್ಳಬೇಕಾದದ್ದು ಹುಡುಕಾಟದ ಹಾಳೆ: ಕೋಣೆಯಲ್ಲಿ ಓಡಾಡುತ್ತ, ಹಾಳೆಯ ಒಂದೊಂದು ವಿವರಕ್ಕೂ ಒಪ್ಪುವವರನ್ನು ಕೇಳಿ ಹುಡುಕಿ ಹೆಸರು ಬರೆದುಕೊಳ್ಳುವ ಆಟ. ಎ4 ಹಾಳೆಯಲ್ಲಿ ಅಡ್ಡ 4, ಉದ್ದ 4, ಒಟ್ಟು 16 ಮನೆ. 25 ಮನೆ ಹಾಕಿದರೆ ಅದು ಓಟದ ಪಂದ್ಯವಾಗುತ್ತದೆ. ಪ್ರತಿ ಮನೆಯಲ್ಲೂ ಒಂದು ವಿವರ: ‘ಶಾಲೆಯಲ್ಲಿ ಹಿಂದಿನ ಬೆಂಚಿನಲ್ಲಿ ಕೂರುತ್ತಿದ್ದವರು’, ‘ಗಣಿತವೆಂದರೆ ಹೆದರುತ್ತಿದ್ದವರು’, ‘ಕೈಬರಹಕ್ಕೆ ಬೈಸಿಕೊಂಡವರು’, ‘ಚಿಕ್ಕ ಮಕ್ಕಳಿಗೆ ಏನಾದರೂ ಕಲಿಸಿದವರು’. ಹೆಚ್ಚಿನವು ಗುಂಪಿನಲ್ಲಿ ಮೂರು ನಾಲ್ಕು ಮಂದಿಗಾದರೂ ಒಪ್ಪುವಂತಿರಲಿ, ಒಂದೆರಡು ಅಪರೂಪದವಿರಲಿ. ವಿವರದ ಕೆಳಗೆ ಎರಡು ಗೆರೆ: ಒಂದು ಹೆಸರಿಗೆ, ಇನ್ನೊಂದು ಅವರು ಹೇಳಿದ ಒಂದು ಮಾತಿಗೆ. ಒಂದು ಹೆಸರು ಹಾಳೆಯಲ್ಲಿ ಒಂದೇ ಸಲ. ಅವಧಿ 12 ನಿಮಿಷ.

ಇದು ಕೆಡುವುದು ಬಹುಮಟ್ಟಿಗೆ ಒಂದೇ ರೀತಿಯಲ್ಲಿ. ಎರಡು ನಿಮಿಷ ಕಳೆಯುವುದರೊಳಗೆ ಹಾಳೆಗಳು ಕೈಯಿಂದ ಕೈಗೆ ಹೋಗಲು ಶುರುವಾಗುತ್ತವೆ. ‘ಇದರಲ್ಲಿ ನಿಮಗೆ ಯಾವುದು ಹೊಂದುತ್ತೆ ನೋಡಿ, ಸಹಿ ಹಾಕಿ ಕೊಡಿ’ ಅಂದರೆ ಮುಗಿಯಿತು. ಮನೆಗಳು ತುಂಬುತ್ತವೆ, ಮಾತು ಹುಟ್ಟುವುದಿಲ್ಲ. ಮೊದಲು ಮುಗಿಸಿದವರಿಗೆ ಬಹುಮಾನ ಎಂದು ಘೋಷಿಸಿದ್ದರೆ ಇದು ಆಗಿಯೇ ಆಗುತ್ತದೆ. ಬಹುಮಾನ ತೆಗೆದುಹಾಕಿ, ಹಾಳೆ ಬರೆಯುವವರ ಕೈಯಲ್ಲೇ ಇರಬೇಕೆಂದು ಹೇಳಿ. ಆ ಎರಡನೇ ಗೆರೆಯ ಕೆಲಸವೂ ಇದೇ: ಇನ್ನೊಂದು ಪ್ರಶ್ನೆ ಕೇಳದೆ ಅದು ತುಂಬುವುದಿಲ್ಲ.

ಕೇಳುವ ಬಗೆಯಲ್ಲೂ ಪಾಠವಿದೆ. ‘ನೀವು ಹಿಂದಿನ ಬೆಂಚಿನಲ್ಲಿ ಕೂರುತ್ತಿದ್ದಿರಾ?’ ಎಂದರೆ ಹೌದು, ಇಲ್ಲ ಅಷ್ಟೇ. ‘ಶಾಲೆಯಲ್ಲಿ ಎಲ್ಲಿ ಕೂರುತ್ತಿದ್ದಿರಿ, ಯಾಕೆ ಅಲ್ಲಿ?’ ಎಂದರೆ ಎದುರಿಗಿರುವವರು ಬಾಯಿ ಬಿಡುತ್ತಾರೆ. ಮೊದಲ ಐದು ನಿಮಿಷ ಹೇಗೆ ಬೇಕೋ ಹಾಗೆ ಕೇಳಲು ಬಿಟ್ಟು, ಮಧ್ಯೆ ನಿಲ್ಲಿಸಿ, ಈ ಎರಡು ಪ್ರಶ್ನೆಗಳನ್ನು ಬೋರ್ಡಿನ ಮೇಲೆ ಅಕ್ಕಪಕ್ಕ ಬರೆದು ಮುಂದುವರಿಸಿದರೆ ಕೋಣೆಯ ಸದ್ದೇ ಬದಲಾಗುತ್ತದೆ. ಮುಕ್ತ ಪ್ರಶ್ನೆಯ ಬಗ್ಗೆ ಬೇರೆ ಉಪನ್ಯಾಸ ಬೇಕಾಗುವುದಿಲ್ಲ. ಎಲ್ಲರೂ ಮುಗಿಸುವವರೆಗೆ ಕಾಯಬೇಡಿ. ಹೆಚ್ಚಿನವರಿಗೆ ಹತ್ತು ಹನ್ನೊಂದು ಮನೆ ತುಂಬಿದಾಗಲೇ ಗಂಟೆ ಬಾರಿಸಿ.

ಸೂಚನೆ ಕೊಡುವ ಕ್ರಮ ಸಣ್ಣ ವಿಷಯವೆನಿಸಬಹುದು, ಆದರೆ ಅರ್ಧ ಗೊಂದಲ ಹುಟ್ಟುವುದೇ ಅಲ್ಲಿ. ಹಾಳೆ ಮೊದಲೇ ಹಂಚಿದರೆ ಕಣ್ಣು ಹಾಳೆಗೆ ಇಳಿಯುತ್ತದೆ, ಮಾತು ಗಾಳಿಗೆ. ಹೇಳಿ, ಒಬ್ಬರ ಜೊತೆ ಮಾಡಿ ತೋರಿಸಿ, ಆಮೇಲೆ ಹಂಚಿ. ‘ಅರ್ಥವಾಯಿತೇ?’ ಎಂಬ ಪ್ರಶ್ನೆಗೆ ಎಲ್ಲರೂ ತಲೆ ಆಡಿಸುತ್ತಾರೆ, ಅರ್ಥವಾಗದವರು ಇನ್ನೂ ಜೋರಾಗಿ. ಅದರ ಬದಲು ‘ಒಂದು ಹೆಸರನ್ನು ಎಷ್ಟು ಸಲ ಬರೆಯಬಹುದು?’ ಎಂದು ಕೇಳಿ.

ಜೋಡಿ ಸಂದರ್ಶನ ಹಳೆಯದು, ಆದರೂ ಚೆನ್ನಾದದ್ದು. ಒಬ್ಬರು ಮೂರು ನಿಮಿಷ ಕೇಳುವುದು, ಮತ್ತೆ ಅದಲುಬದಲು. ತಪ್ಪಾಗುವುದು ಮುಂದಿನ ಹಂತದಲ್ಲಿ: ಜೊತೆಗಾರರನ್ನು ಇಡೀ ತರಗತಿಗೆ ಪರಿಚಯಿಸಿ ಎಂದರೆ ಮತ್ತೆ ಅದೇ ಅರ್ಧ ಗಂಟೆಯ ಸರದಿ. ಒಂದು ಜೋಡಿ ಇನ್ನೊಂದು ಜೋಡಿಗೆ ಪರಿಚಯಿಸಿದರೆ ಸಾಕು. 30 ಮಂದಿಗೆ 15 ಜೋಡಿ, ಅಂದರೆ ಒಂದು ಜೋಡಿ ಉಳಿಯುತ್ತದೆ. ಅದನ್ನು ಇನ್ನೊಂದು ನಾಲ್ವರ ಗುಂಪಿಗೆ ಸೇರಿಸಿ ಆರು ಮಂದಿ ಮಾಡಬೇಕು. ಈ ಲೆಕ್ಕ ಹಿಂದಿನ ದಿನವೇ ಹಾಕಿಕೊಳ್ಳಿ, ನಿಂತ ನಿಲುವಿನಲ್ಲಿ ಹಾಕಲು ಹೋದರೆ ತಪ್ಪುತ್ತದೆ. ಪರಿಚಯಕ್ಕೆ ಮುನ್ನ ‘ಇದನ್ನು ಹೇಳಬಹುದಾ?’ ಎಂದು ಜೊತೆಗಾರರನ್ನು ಕೇಳುವುದು ಕಡ್ಡಾಯ.

ಗೆಳೆಯರು ಗೆಳೆಯರ ಜೊತೆಗೇ ಅಂಟಿಕೊಳ್ಳುವುದನ್ನು ತಪ್ಪಿಸಲು ಮೂಕ ಸಾಲು ಉಪಯೋಗಕ್ಕೆ ಬರುತ್ತದೆ. ಮಾತಾಡದೆ, ಬರೀ ಸನ್ನೆಯಿಂದ, ಹುಟ್ಟಿದ ತಿಂಗಳು ಮತ್ತು ತಾರೀಖಿನ ಪ್ರಕಾರ ಸಾಲು ನಿಲ್ಲುವುದು, ಆಮೇಲೆ ಸಾಲನ್ನು ಮಧ್ಯಕ್ಕೆ ಮಡಚಿ ಎದುರಿಗೆ ಬಂದವರನ್ನು ಜೋಡಿ ಮಾಡುವುದು. ಇಸವಿ ಬೇಡ, ವಯಸ್ಸು ಹೇಳಲು ಎಲ್ಲರಿಗೂ ಇಷ್ಟವಿರುವುದಿಲ್ಲ. ಐದು ನಿಮಿಷದ ಕೆಲಸ.

ಹೆಸರು ನೆನಪಿಡುವುದೇ ಬೇರೆ ಸಮಸ್ಯೆ. ಮುಖದ ಜೊತೆ ವೃತ್ತಿ ನೆನಪಾಗುವಷ್ಟು ಸುಲಭವಾಗಿ ಹೆಸರು ನೆನಪಾಗುವುದಿಲ್ಲ. ಒಂದೇ ಪದವನ್ನು ಒಬ್ಬರ ವೃತ್ತಿಯೆಂದು ಹೇಳಿದಾಗ ನೆನಪಿಟ್ಟವರು, ಹೆಸರೆಂದು ಹೇಳಿದಾಗ ಮರೆತದ್ದನ್ನು 1987ರ ಒಂದು ಪ್ರಯೋಗ ದಾಖಲಿಸಿದೆ. ಹಾಗಾಗಿ ಹೆಸರಿಗೆ ಏನನ್ನಾದರೂ ಗಂಟು ಹಾಕಬೇಕು. ಹತ್ತು ಹತ್ತು ಮಂದಿಯ ವೃತ್ತ ಮಾಡಿ, ‘ಕರೆಯಿಸಿಕೊಳ್ಳಲು ಇಷ್ಟವಾದ ಹೆಸರು, ಕೈಗೆ ಒಗ್ಗಿದ ಒಂದು ಕೆಲಸ’ ಎಂದು ಹೇಳಿಸಿ, ಆಮೇಲೆ ಚೆಂಡು ಎಸೆಯುವ ಮುನ್ನ ಹಿಡಿಯುವವರ ಹೆಸರು ಕೂಗಿಸಿ. 30 ಮಂದಿಗೆ ಒಂದೇ ವೃತ್ತ ಮಾಡಿದರೆ ಚೆಂಡಿಗಾಗಿ ಕಾಯುವುದೇ ಹೆಚ್ಚು.

ತಮ್ಮ ಬಗ್ಗೆ ಎರಡು ನಿಜ, ಒಂದು ಸುಳ್ಳು ಹೇಳಿ, ಸುಳ್ಳು ಯಾವುದೆಂದು ಉಳಿದವರು ಊಹಿಸುವ ಆಟ ಬಹಳ ಜನಪ್ರಿಯ. ಮೊದಲ ದಿನಕ್ಕೆ ಅದು ಬೇಡ. ಅಪರಿಚಿತರ ಮುಂದೆ ಚಮತ್ಕಾರ ತೋರಿಸಬಲ್ಲವರು ಮಿಂಚುತ್ತಾರೆ, ಸಂಕೋಚದವರು ಕುಗ್ಗುತ್ತಾರೆ. ಎರಡನೇ ವಾರಕ್ಕಿರಲಿ.

ಕೊನೆಗೆ ಚೀಟಿ. ‘ಮೊದಲ ಪಾಠ ಮಾಡುವ ದಿನ ನನಗಿರುವ ಒಂದು ಭಯ’ ಎಂದು ಹೆಸರಿಲ್ಲದೆ ಬರೆಸಿ, ಬೆರೆಸಿ, ಗುಂಪುಗಳಿಗೆ ಹಂಚಿ ಗೋಡೆಯ ಮೇಲೆ ವಿಂಗಡಿಸಿ ಅಂಟಿಸಲು ಹೇಳಿ. ಚೀಟಿ ಒಂದೇ ಅಳತೆಯದು, ಪೆನ್ನು ಒಂದೇ ಬಣ್ಣದ್ದು ಇರಲಿ, ಇಲ್ಲದಿದ್ದರೆ ಬರೆದವರು ಯಾರೆಂದು ಗೊತ್ತಾಗಿಬಿಡುತ್ತದೆ. ಗಲಾಟೆ ತಡೆಯುವುದು ಹೇಗೆ, ಉತ್ತರ ಗೊತ್ತಿಲ್ಲದ ಪ್ರಶ್ನೆ ಬಂದರೇನು, ಪಾಠ ಬೇಗ ಮುಗಿದರೇನು: ಇವು ಬಂದೇ ಬರುತ್ತವೆ. ಬೋಧನಾಭ್ಯಾಸಕ್ಕೆ ಹೋಗುವ ಹಿಂದಿನ ವಾರ ಈ ಚೀಟಿಗಳನ್ನು ಮತ್ತೆ ತೆರೆಯಬೇಕು, ಹಾಗಾಗಿ ಎಸೆಯಬೇಡಿ.

ಇಷ್ಟೆಲ್ಲ ಮಾಡಿ ಊಟಕ್ಕೆ ಬಿಟ್ಟರೆ ಅದು ಬರೀ ಆಟ. ಕಡೆಯ ಹತ್ತು ನಿಮಿಷ ಪೋಸ್ಟ್‌ಮಾರ್ಟಂಗೆ ಮೀಸಲಿಡಿ. ‘ಏನು ಮಾಡಬೇಕೆಂದು ತೋಚದೆ ನಿಂತದ್ದು ಯಾವಾಗ?’, ‘ಒಬ್ಬರೇ ಉಳಿದವರಿಗೆ ಏನನ್ನಿಸಿತು?’, ‘ಸೂಚನೆಯಲ್ಲಿ ಏನು ಬಿಟ್ಟುಹೋಗಿತ್ತು?’ ಕೇಳಿದ ಮೇಲೆ ಬಾಯಿ ಮುಚ್ಚಿಕೊಂಡಿರುವುದು ತರಬೇತುದಾರರಿಗೆ ಕಷ್ಟ. ಶಿಕ್ಷಕರು ಪ್ರಶ್ನೆಯ ಬಳಿಕ ಸರಾಸರಿ ಒಂದು ಸೆಕೆಂಡಿನಷ್ಟೇ ಕಾಯುತ್ತಾರೆ, ಮೂರು ಸೆಕೆಂಡು ಕಾದರೆ ಉತ್ತರಗಳು ಉದ್ದವಾಗುತ್ತವೆ ಎಂದು ಶಿಕ್ಷಣ ಸಂಶೋಧಕಿ ಮೇರಿ ಬಡ್ ರೋ ಕಂಡುಕೊಂಡಿದ್ದರು. ಮನಸ್ಸಿನಲ್ಲೇ ಎಣಿಸಿ.

ಆಮೇಲೆ ಖಾಲಿ 16 ಮನೆಗಳ ಹಾಳೆ ಕೊಟ್ಟು, ತಾವು ಪಾಠ ಮಾಡಲಿರುವ ತರಗತಿಗೆ ಅದನ್ನು ಹೊಂದಿಸಲು ಹೇಳಿ. ಏಳು ವರ್ಷದ ಮಕ್ಕಳಿಗೆ 16 ಮನೆ ಹೆಚ್ಚು, ಆರು ಸಾಕು, ಬರಹದ ಜಾಗದಲ್ಲಿ ಚಿತ್ರ ಬೇಕು ಎಂಬುದು ಹಾಳೆ ಕೈಯಲ್ಲಿ ಹಿಡಿದವರಿಗೆ ತಾನಾಗಿ ಹೊಳೆಯುತ್ತದೆ.