ಪದ ಪರಿಚಯ: ನಿಷೇಧಿತ ಪ್ರದೇಶ

ಕೇಂದ್ರ ಸರ್ಕಾರ ಸಂರಕ್ಷಿತವೆಂದು ಘೋಷಿಸಿದ ಸ್ಮಾರಕದ ಸುತ್ತ, ಎಲ್ಲ ದಿಕ್ಕಿಗೂ 100 ಮೀಟರ್‌ವರೆಗಿನ ಜಾಗ ‘ನಿಷೇಧಿತ ಪ್ರದೇಶ’. ಅದರಾಚೆಗಿನ 200 ಮೀಟರ್ ‘ನಿಯಂತ್ರಿತ ಪ್ರದೇಶ’. ಅಳತೆ ಶುರುವಾಗುವುದು ಕಟ್ಟಡದ ಗೋಡೆಯಿಂದಲ್ಲ, ಸಂರಕ್ಷಿತ ಜಾಗದ ಗಡಿಯಿಂದ. ಅಕ್ಕಪಕ್ಕದವರ ಲೆಕ್ಕ ತಪ್ಪುವುದು ಇಲ್ಲೇ. (ರಾಜ್ಯ ಸಂರಕ್ಷಿತ ಸ್ಮಾರಕಗಳಿಗೆ ಬೇರೆ ಕಾಯ್ದೆಯಿದೆ.)

1992ರ ಜೂನ್ 16ರ ಅಧಿಸೂಚನೆಯಲ್ಲಿದ್ದ ಈ ನಿಯಮ 2010ರ ತಿದ್ದುಪಡಿಯಿಂದ 1958ರ ಪ್ರಾಚೀನ ಸ್ಮಾರಕಗಳ ಕಾಯ್ದೆಯೊಳಗೇ ಸೇರಿತು. ನಿಷೇಧಿತ ಪ್ರದೇಶದಲ್ಲಿ ಹೊಸ ಮನೆ ಕಟ್ಟುವಂತಿಲ್ಲ. ಆ ತಾರೀಖಿಗೂ ಮೊದಲಿದ್ದ ಮನೆಯ ಸೋರುವ ಮಾಳಿಗೆ ರಿಪೇರಿ ಮಾಡಿಸಬಹುದು, ಅದಕ್ಕೂ ಅನುಮತಿ ಬೇಕು. ಮಗನಿಗೆ ಮದುವೆಯಾಯಿತೆಂದು ಮೇಲೊಂದು ಅಂತಸ್ತು ಎಬ್ಬಿಸುವಂತಿಲ್ಲ. ಮೀರಿದರೆ ಎರಡು ವರ್ಷದವರೆಗೆ ಜೈಲು, ಇಲ್ಲವೇ ಒಂದು ಲಕ್ಷ ರೂಪಾಯಿವರೆಗೆ ದಂಡ, ಅಥವಾ ಎರಡೂ. ನಿಯಂತ್ರಿತ ಪ್ರದೇಶದಲ್ಲಿ ಅನುಮತಿ ಪಡೆದು ಕಟ್ಟಬಹುದು.

ಹೊಲದ ನಡುವೆ ಒಂಟಿಯಾಗಿ ನಿಂತ ಗುಡಿಗೆ ಇದು ಒಪ್ಪುವ ನಿಯಮ. ಗೋಡೆಯೊಳಗಿನ ಊರಿಗೆ ಅಷ್ಟು ಸಲೀಸಲ್ಲ. ಬೀದರನ್ನೇ ನೋಡಿ. 15ನೇ ಶತಮಾನದಲ್ಲಿ ಬಹಮನಿಗಳ ರಾಜಧಾನಿಯಾದ ಊರು. ಶಾಹಗಂಜ್, ಫತೇ, ಮಂಗಲಪೇಟ ದರ್ವಾಜಾಗಳ ಒಳಗೆ ಇವತ್ತಿಗೂ ಜನ ಸಂಸಾರ ಹೂಡಿದ್ದಾರೆ. ಬಹಮನಿಗಳ ಪ್ರಧಾನಿ ಮಹಮೂದ್ ಗವಾನ್ 1472ರಲ್ಲಿ ಕಟ್ಟಿಸಿದ ಮದರಸಾ ಇರುವುದು ಊರ ನಡುವಿನ ಕಾವಲು ಗೋಪುರ ಚೌಬಾರಾದಿಂದ ಕೋಟೆಗೆ ಹೋಗುವ ರಸ್ತೆಯಲ್ಲೇ. 1696ರ ಸ್ಫೋಟದಲ್ಲಿ ಒಂದು ಭಾಗ ಹಾರಿಹೋಗಿ, ಉಳಿದ ಮಿನಾರಿನ ಮೇಲೆ ಬಣ್ಣದ ಹೆಂಚಿನ ಅಲಂಕಾರ ಅಲ್ಲಲ್ಲಿ ಅಂಟಿಕೊಂಡಿದೆ. ಸುತ್ತ ಅಂಗಡಿ, ಮನೆ, ಗಲ್ಲಿ. ನೂರು ಮೀಟರಿನ ಗೆರೆ ಎಳೆದರೆ ಅದು ಇವರ ಅಡುಗೆಮನೆಯ ಮೇಲೇ ಹಾಯುತ್ತದೆ.

ನನ್ನ ತಕರಾರು ಗೆರೆಯ ಬಿಗಿಯ ಬಗ್ಗೆಯಲ್ಲ. ಮದರಸಾಕ್ಕೆ ಅಂಟಿಕೊಂಡು ಬಹುಮಹಡಿ ಲಾಡ್ಜ್ ಏಳದಂತೆ ತಡೆಯಲು ಅದು ಬೇಕೇ ಬೇಕು. ಆದರೆ ಗೆರೆ ಕಾಯುವುದು ಸ್ಮಾರಕವನ್ನು, ಊರನ್ನಲ್ಲ. ದರ್ವಾಜಾದಿಂದ ಚೌಕಕ್ಕೆ ಸಾಗುವ ಗಲ್ಲಿಯ ಜಾಡು, ಹಳೇ ಮನೆಯ ಕಮಾನು ಬಾಗಿಲು, ಸೇದುವ ಬಾವಿ ಇವೆಲ್ಲ 300 ಮೀಟರಿನ ಆಚೆಗಿದ್ದರೆ ಈ ಕಾಯ್ದೆಗೆ ಕಾಣುವುದೇ ಇಲ್ಲ. ಒಳಗಿದ್ದರೂ ಅನುಮತಿಯ ಅಲೆದಾಟಕ್ಕೆ ಬೇಸತ್ತು ಮಾಲೀಕರು ಕೈಬಿಟ್ಟರೆ ಗೋಡೆ ತಾನಾಗಿ ಕುಸಿಯುತ್ತದೆ.

2010ರ ತಿದ್ದುಪಡಿಯಲ್ಲಿ ಒಂದು ದಾರಿಯಿದೆ. ಪ್ರತಿ ಸ್ಮಾರಕಕ್ಕೂ ಪ್ರತ್ಯೇಕ ‘ಪಾರಂಪರಿಕ ಉಪವಿಧಿ’ ರಚಿಸಬೇಕು. ಸುತ್ತಲಿನ ಕಟ್ಟಡಗಳ ಎತ್ತರ, ಮುಂಭಾಗದ ರೂಪ, ಚರಂಡಿ ಎಲ್ಲವೂ ಅದರಲ್ಲಿ ಬರುತ್ತವೆ. ಅಂತಿಮಗೊಳಿಸುವ ಮುನ್ನ ಕರಡು ಪ್ರಕಟಿಸಿ ಸಾರ್ವಜನಿಕರ ಆಕ್ಷೇಪಣೆ ಕೇಳುತ್ತಾರೆ. ಕರಡು ಬಂದಾಗ ಅಲ್ಲಿನವರು ಮೊದಲು ನೋಡಬೇಕಾದದ್ದು ತಮ್ಮ ಗಲ್ಲಿ ಕರಡಿನ ನಕಾಶೆಯಲ್ಲಿ ಇದೆಯೇ ಎಂದು.